ಕರ್ನಲ್ ಸುಮ್ಮನಿದೆ ಅಂತ ಹೇಳೋರು ಯಾರು?

ಆಪರೇಟಿಂಗ್ ಸಿಸ್ಟಮ್ ಪೇಪರ್ ಬರೆದವರಿಗೆಲ್ಲ ಗ್ಯಾಂಟ್ ಚಾರ್ಟ್ ಗೊತ್ತು. ಪಿ1 ಬಂತು, ಪಿ2 ಬಂತು, ಬರ್ಸ್ಟ್ ಟೈಮ್ ಇಷ್ಟು, ವೇಟಿಂಗ್ ಟೈಮ್ ಅಷ್ಟು. ನಡುವೆ ಎಲ್ಲೋ 5ರಿಂದ 7ರವರೆಗೆ ಯಾವ ಪ್ರೋಸೆಸ್ಸೂ ಬಂದಿರೋದಿಲ್ಲ. ಅಲ್ಲೊಂದು ಖಾಲಿ ಡಬ್ಬ ಎಳೆದು, ಒಳಗೆ 'ಐಡಲ್' ಅಂತ ಬರೆದು ಮುಂದಿನ ಪ್ರೋಸೆಸ್‌ಗೆ ಹೋಗಿಬಿಡ್ತೀವಿ. ಆ ಡಬ್ಬದ ಬಗ್ಗೆ ಯಾರೂ ಕೇಳೋದಿಲ್ಲ, ಯಾರೂ ಹೇಳೋದಿಲ್ಲ. ನನ್ನ ಪ್ರಕಾರ ಇಡೀ ಚಾರ್ಟಿನಲ್ಲಿ ಅತಿ ಕಷ್ಟದ ಭಾಗ ಅದೇ.

ಯಾಕೆ ಈಗ ಈ ಮಾತು ಅಂದ್ರೆ, ಇದು ಪ್ರಾಜೆಕ್ಟ್ ಸಿನಾಪ್ಸಿಸ್ ಕೊಡೋ ಕಾಲ. ಪ್ರತಿ ಬ್ಯಾಚಿನಲ್ಲೂ ಒಂದೆರಡು ತಂಡ 'ಸ್ಮಾರ್ಟ್ ಎನರ್ಜಿ ಸೇವಿಂಗ್ ಲ್ಯಾಬ್' ಅಂತ ಒಂದು ಐಡಿಯಾ ತರುತ್ತೆ. ಲ್ಯಾಬಿನ ಎಲ್ಲ ಪಿಸಿಗಳ ಮೇಲೂ ಒಂದು ಸಣ್ಣ ಸ್ಕ್ರಿಪ್ಟ್. ಸಿಪಿಯು ಬಳಕೆ 5 ಶೇಕಡಾಕ್ಕಿಂತ ಕಡಿಮೆ, ಅದೂ ಸತತ 15 ನಿಮಿಷ ಇದ್ರೆ ಮೆಷಿನ್ ಐಡಲ್ ಅಂತ ಲೆಕ್ಕ, ಶಟ್‌ಡೌನ್. ಕರೆಂಟ್ ಉಳೀತು, ಪರಿಸರ ಉಳೀತು, ಮಾರ್ಕ್ಸೂ ಬಂತು. ಉದ್ದೇಶ ಒಳ್ಳೇದೇ. ರಾತ್ರಿಯಿಡೀ ಉರಿಯೋ ಲ್ಯಾಬ್ ಪಿಸಿಗಳನ್ನ ನೋಡಿದ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಆದ್ರೆ ಆ ಸ್ಕ್ರಿಪ್ಟ್ ಕೇಳ್ತಿರೋ ಪ್ರಶ್ನೆಯೇ ತಪ್ಪು ಅನ್ನೋದು ನನ್ನ ವಾದ. 'ಕರ್ನಲ್ ಐಡಲ್ ಇದೆಯಾ?' ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಯಾರು ಕೇಳ್ತಿದ್ದಾರೆ, ಯಾಕೆ ಕೇಳ್ತಿದ್ದಾರೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಇದನ್ನ ಕರ್ನಲ್ ಬರೆಯೋರು ಮೂವತ್ತು ವರ್ಷದಿಂದ ಪೆಟ್ಟು ತಿಂದು ಕಲಿತಿದ್ದಾರೆ. ನಾವು ಪುಕ್ಕಟೆಯಾಗಿ ಕಲೀಬಹುದು.

ಮೊದಲಿಗೆ ಆ ಖಾಲಿ ಡಬ್ಬದೊಳಗೆ ಏನಿದೆ ಅಂತ ನೋಡೋಣ. ಖಾಲಿ ಏನೂ ಅಲ್ಲ ಅದು. ಪ್ರೊಸೆಸರ್‌ಗೆ ಕರೆಂಟ್ ಇರೋವರೆಗೂ ಅದು ಏನಾದರೊಂದು ಸೂಚನೆಯನ್ನ ನಡೆಸಲೇಬೇಕು. ಹಾಗಾಗಿ ಮಾಡೋಕೆ ಕೆಲಸ ಇಲ್ಲದಾಗ ನಡೆಸೋಕಂತಲೇ ಲಿನಕ್ಸ್ ಕರ್ನಲ್ ಪ್ರತಿ ಕೋರ್‌ಗೂ ಒಂದೊಂದು ಐಡಲ್ ಟಾಸ್ಕ್ ಇಟ್ಟಿರುತ್ತೆ. ಅದರ ಪಿಐಡಿ 0. ಹೆಸರು 'ಸ್ವಾಪರ್', ಪಕ್ಕದಲ್ಲಿ ಕೋರಿನ ಸಂಖ್ಯೆ. ಪಿಎಸ್ ಕಮಾಂಡ್ ಕೊಟ್ಟರೆ ಪಟ್ಟಿಯಲ್ಲಿ ಕಾಣೋದಿಲ್ಲ, ಆದ್ರೆ ಶೆಡ್ಯೂಲರ್‌ಗೆ ಬೇರೆ ಯಾರೂ ಸಿಗದಿದ್ದಾಗ ಸರದಿ ಇದರದ್ದೇ. ವಿಂಡೋಸ್‌ನಲ್ಲಿ ಇದೇ 'ಸಿಸ್ಟಮ್ ಐಡಲ್ ಪ್ರೋಸೆಸ್'. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಮುಂದೆ 97 ಅಂತ ನೋಡಿ 'ಯಾವ್ದೋ ವೈರಸ್ ಸಿಪಿಯು ತಿಂತಿದೆ' ಅಂತ ಗಾಬರಿಯಾಗೋ ಫಸ್ಟ್ ಇಯರ್‌ನವರನ್ನ ನೋಡಿ ನಾವು ನಗ್ತೀವಿ. ನಗೋ ಮೊದಲು ಒಂದು ವಿಷಯ. ಒಂದು ಕಾಲದಲ್ಲಿ ಐಡಲ್ ಅನ್ನೋದು ನಿಜವಾಗಿಯೂ ಸಿಪಿಯು ತಿನ್ನುತ್ತಿತ್ತು.

ಇಂಟೆಲ್ ಚಿಪ್‌ಗಳಲ್ಲಿ 8086 ಕಾಲದಿಂದಲೂ 'ಹಾಲ್ಟ್' ಅನ್ನೋ ಸೂಚನೆ ಇದೆ. ಅರ್ಥ: ಇಂಟರಪ್ಟ್ ಬರೋವರೆಗೂ ನಿಂತುಬಿಡು. ವಿಂಡೋಸ್ 95 ಇದನ್ನ ಬಳಸುತ್ತಿರಲಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳು ಹಾಲ್ಟ್ ಸೂಚನೆ ಕೊಟ್ಟರೆ ಮತ್ತೆ ಏಳದೆ ಹಾಗೇ ಹೆಪ್ಪುಗಟ್ಟುತ್ತಿದ್ದವು ಅನ್ನೋದು ಕಾರಣ. ಹಾಗಾಗಿ ಕೆಲಸ ಇಲ್ಲದಾಗಲೂ ಪ್ರೊಸೆಸರ್ ಗಾಣದೆತ್ತಿನ ಹಾಗೆ ಒಂದೇ ಲೂಪಿನಲ್ಲಿ ಸುತ್ತುತ್ತಿತ್ತು. ಲಿನಕ್ಸ್ ಹಾಲ್ಟ್ ಬಳಸಿತು, ಜೊತೆಗೆ ಅಂಥ ಮೆಷಿನ್‌ಗಳಿಗೆ ಅಂತಲೇ ಅದನ್ನ ಬಿಟ್ಟುಬಿಡೋ ಬೂಟ್ ಆಯ್ಕೆಯನ್ನೂ ಕೊಟ್ಟಿತು. ಸಿಸ್ಟಮ್ ಎರಡೂ ಕಡೆ ಐಡಲ್ಲೇ. ಆದ್ರೆ ಕೈ ಇಟ್ಟು ನೋಡಿದ್ರೆ ಒಂದು ಬಿಸಿ, ಒಂದು ತಣ್ಣಗೆ.

ಇನ್ನು ನಿಲ್ಲೋದು ಅಂದ್ರೂ ಸುಲಭವಲ್ಲ. ಐಡಲ್ ಲೂಪ್ ಮಾಡೋದು ಎರಡು ಕೆಲಸ. ಮೊದಲು, 'ಯಾರಾದ್ರೂ ಓಡೋಕೆ ರೆಡಿ ಇದ್ದಾರಾ?' ಅಂತ ನೋಡೋದು. ಇಲ್ಲ ಅಂದ್ರೆ, ನಿಲ್ಲೋದು. ಈಗ ಈ ಎರಡರ ನಡುವಿನ ಕೂದಲೆಳೆ ಅಂತರದಲ್ಲಿ ಒಂದು ಇಂಟರಪ್ಟ್ ಬಂದು ಯಾವುದೋ ಪ್ರೋಸೆಸ್ಸನ್ನ ಎಬ್ಬಿಸಿತು ಅಂದುಕೊಳ್ಳಿ. ಕರ್ನಲ್ ಆಗಲೇ 'ಯಾರೂ ಇಲ್ಲ' ಅಂತ ತೀರ್ಮಾನ ಮಾಡಿ ಆಗಿದೆ. ಅದು ನಿಂತುಬಿಡುತ್ತೆ. ಎದ್ದ ಪ್ರೋಸೆಸ್ ಮುಂದಿನ ಇಂಟರಪ್ಟ್ ಬರೋವರೆಗೂ ಕಾಯ್ತಾ ಕೂರುತ್ತೆ. ಇದನ್ನ ತಪ್ಪಿಸೋಕೆ ಮೊದಲು ಇಂಟರಪ್ಟ್‌ಗಳನ್ನ ಆಫ್ ಮಾಡಿ ಪರೀಕ್ಷಿಸಬೇಕು, ಆಮೇಲೆ ಆನ್ ಮಾಡೋದು ಮತ್ತು ನಿಲ್ಲೋದು ಎರಡೂ ನಡುವೆ ಸಂದು ಇಲ್ಲದ ಹಾಗೆ ಆಗಬೇಕು. ಇಂಟೆಲ್‌ನಲ್ಲಿ ಇಂಟರಪ್ಟ್ ಆನ್ ಮಾಡೋ ಸೂಚನೆಗೆ ಒಂದು ಗುಣ ಇದೆ: ಅದರ ಪರಿಣಾಮ ಮುಂದಿನ ಒಂದು ಸೂಚನೆ ಕಳೆದ ಮೇಲೇ ಶುರುವಾಗೋದು. ಆ 'ಮುಂದಿನ ಒಂದು' ಹಾಲ್ಟ್ ಆಗಿದ್ರೆ ಸಂದು ಮುಚ್ಚಿಹೋಗುತ್ತೆ. ನೋಡಿ, 'ಕೆಲಸ ಇಲ್ಲ' ಅನ್ನೋ ಒಂದು ಸಾಲಿನ ನಿರ್ಧಾರಕ್ಕೆ ಹಾರ್ಡ್‌ವೇರಿನ ಇಷ್ಟು ಸಹಾಯ ಬೇಕು. ಹೊರಗಡೆ ಕೂತು ನಿಮಿಷಕ್ಕೊಮ್ಮೆ ಇಣುಕಿ ನೋಡೋ ನಮ್ಮ ಸ್ಕ್ರಿಪ್ಟ್‌ಗೆ ಇದೇ ನಿರ್ಧಾರ ಸಲೀಸಾಗಿ ಸಿಗುತ್ತೆ ಅಂದುಕೊಳ್ಳೋದು ಹೇಗೆ?

ಸರಿ, ರನ್ ಕ್ಯೂ ಖಾಲಿ ಇದೆ, ಕೋರ್ ನಿಂತಿದೆ ಅಂತಲೇ ಇಟ್ಟುಕೊಳ್ಳೋಣ. ಅಂದ್ರೆ ಕೆಲಸ ಇಲ್ಲ ಅಂತ ಅರ್ಥವಾ? ಬೆಳ್ಳಗಿರೋದೆಲ್ಲ ಹಾಲಲ್ಲ.

ವೈವಾದ ಬೆಳಿಗ್ಗೆ ಪೆನ್‌ಡ್ರೈವ್‌ಗೆ ಪ್ರಾಜೆಕ್ಟ್ ರಿಪೋರ್ಟ್ ಕಾಪಿ ಮಾಡೋ ದೃಶ್ಯ ಎಲ್ಲರಿಗೂ ಗೊತ್ತಿರೋದೇ. ಟರ್ಮಿನಲ್‌ನಲ್ಲಿ ಸಿಪಿ ಕಮಾಂಡ್ ಕೊಟ್ಟ ಕ್ಷಣಾರ್ಧದಲ್ಲಿ ಪ್ರಾಂಪ್ಟ್ ವಾಪಸ್. ಸಿಪಿಯು ನೋಡಿದ್ರೆ ತಣ್ಣಗೆ ಕೂತಿದೆ. ಆದ್ರೆ ಆ ಫೈಲ್ ಇನ್ನೂ ರ್‍ಯಾಮ್‌ನಲ್ಲಿ ಕೊಳೆ ಪುಟಗಳಾಗಿ ಬಿದ್ದಿರಬಹುದು. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅವನ್ನ ಡಿಸ್ಕಿಗೆ ಸಾಗಿಸೋ ಕೆಲಸಗಾರ 5 ಸೆಕೆಂಡಿಗೊಮ್ಮೆ ಏಳ್ತಾನೆ, ಅದೂ 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನ ಮಾತ್ರ ಕಡ್ಡಾಯವಾಗಿ ಎತ್ತಿಕೊಳ್ತಾನೆ. ಆ ಹೊತ್ತಲ್ಲಿ ಕಿತ್ತುಕೊಂಡು ಓಡಿದ್ರೆ ವೈವಾದಲ್ಲಿ ತೆರೆಯೋದು ಅರ್ಧ ಫೈಲ್. ಸಿಪಿಯು ಮಟ್ಟಿಗೆ ಐಡಲ್ ನಿಜ, ಡೇಟಾ ಮಟ್ಟಿಗೆ ಸುಳ್ಳು. 'ಸೇಫ್ಲಿ ರಿಮೂವ್' ಅನ್ನೋ ಬಟನ್ ಇರೋದೇ ಈ ಎರಡು ಐಡಲ್‌ಗಳ ನಡುವಿನ ವ್ಯತ್ಯಾಸಕ್ಕಾಗಿ.

ಕಾಯೋದು ಇನ್ನೊಂದು ಬಗೆ. ಒಂದು ಪ್ರೋಗ್ರಾಮ್ ನೆಟ್‌ವರ್ಕ್ ಡ್ರೈವ್‌ನಿಂದ ದೊಡ್ಡ ಫೈಲ್ ಓದ್ತಾ ಇದೆ, ಸರ್ವರ್ ನಿಧಾನ. ಪ್ರೋಗ್ರಾಮ್ ನಿದ್ದೆಯಲ್ಲಿರುತ್ತೆ, ಸಿಪಿಯು ಬಳಕೆ ಸೊನ್ನೆಗೆ ಹತ್ತಿರ. ಇದನ್ನ ಹಿಡಿಯೋಕೆ ಲಿನಕ್ಸ್‌ನಲ್ಲಿ 'ಐಓ ವೇಟ್' ಅನ್ನೋ ಅಂಕಿ ಇದೆ: ಕೋರ್ ಐಡಲ್ ಇತ್ತು, ಆದ್ರೆ ಡಿಸ್ಕಿಗಾಗಿ ಯಾರೋ ಕಾಯ್ತಿದ್ದರು ಅನ್ನೋ ಕಾಲ. ಒಳ್ಳೇ ಐಡಿಯಾ. ಆದ್ರೆ ಲಿನಕ್ಸ್‌ನ ಮ್ಯಾನ್ಯುಯಲ್ ಪುಟವೇ 'ಈ ಅಂಕಿಯನ್ನ ನಂಬಬೇಡಿ' ಅನ್ನುತ್ತೆ. ಕಾರಣ ಸರಳ. ಕಾಯ್ತಿರೋ ಪ್ರೋಸೆಸ್ ಯಾವ ಕೋರಿನ ಮೇಲೂ ಇಲ್ಲ. ಹಾಗಿದ್ದ ಮೇಲೆ ಅದರ ಕಾಯುವಿಕೆಯನ್ನ ಯಾವ ಕೋರಿನ ಖಾತೆಗೆ ಬರೆಯೋದು? ಅಷ್ಟೇ ಅಲ್ಲ, ಕೋರ್ ಬೇರೆ ಕೆಲಸ ಹಿಡಿದರೆ ಐಓ ವೇಟ್ ಇಳಿಯುತ್ತೆ, ಕಾಯೋರು ಹಾಗೇ ಕಾಯ್ತಾ ಇದ್ರೂ ಸಹ.

ಲೋಡ್ ಆವರೇಜ್ ನೋಡಿದ್ರಾಯ್ತು ಅಂತೀರಾ? ಅದರ ಕಥೆಯೂ ಇಂಥದ್ದೇ. ಹಳೇ ಯೂನಿಕ್ಸ್‌ಗಳಲ್ಲಿ ಅದು ಸಿಪಿಯುಗಾಗಿ ಸಾಲಿನಲ್ಲಿ ನಿಂತವರ ಲೆಕ್ಕ. 1993ರಲ್ಲಿ ಲಿನಕ್ಸ್‌ಗೆ ಬಂದ ಒಂದು ಪ್ಯಾಚ್, ಡಿಸ್ಕಿಗಾಗಿ ತಟ್ಟಿ ಎಬ್ಬಿಸಲಾಗದ ನಿದ್ದೆಯಲ್ಲಿ ಇರೋರನ್ನೂ ಅದೇ ಲೆಕ್ಕಕ್ಕೆ ಸೇರಿಸಿತು. ಹಾಗಾಗಿ ನೆಟ್‌ವರ್ಕ್ ಡ್ರೈವ್ ಕೈಕೊಟ್ಟ ಲಿನಕ್ಸ್ ಮೆಷಿನ್‌ನಲ್ಲಿ ಲೋಡ್ 40, ಸಿಪಿಯು ಬಳಕೆ 0 ಅಂತ ಒಟ್ಟಿಗೇ ಕಾಣಬಹುದು. ಎರಡು ಅಂಕಿಯಲ್ಲಿ ಯಾವುದೂ ಸುಳ್ಳು ಹೇಳ್ತಿಲ್ಲ. ಒಂದು 'ಕೋರ್‌ಗಳಿಗೆ ಕೆಲಸ ಇದೆಯಾ?' ಅನ್ನೋದಕ್ಕೆ ಉತ್ತರ, ಇನ್ನೊಂದು 'ಯಾರಾದ್ರೂ ಸಿಕ್ಕಿಹಾಕಿಕೊಂಡಿದ್ದಾರಾ?' ಅನ್ನೋದಕ್ಕೆ. 2018ರಲ್ಲಿ 4.20 ಆವೃತ್ತಿಗೆ ಬಂದ 'ಪ್ರೆಷರ್ ಸ್ಟಾಲ್' ಮಾಹಿತಿ ಈ ಎರಡನೇ ಪ್ರಶ್ನೆಯನ್ನ ಬಿಡಿಬಿಡಿಯಾಗಿ ಕೇಳುತ್ತೆ: ಸಿಪಿಯು, ಮೆಮೊರಿ, ಡಿಸ್ಕ್, ಇವುಗಳಿಗಾಗಿ ಕಾಯ್ತಾ ಎಷ್ಟು ಸಮಯ ಹಾಳಾಯ್ತು ಅಂತ. ಅಂದ್ರೆ ಕಾಲು ಶತಮಾನ ಆದಮೇಲೆ ಪ್ರಶ್ನೆಗಳನ್ನ ಬೇರೆ ಬೇರೆ ಮಾಡಿದ್ದೇ ಪರಿಹಾರ ಆಯ್ತು.

ಇದು ಏನನ್ನ ಎಣಿಸಬೇಕು ಅನ್ನೋ ಗೊಂದಲ. ಹೇಗೆ ಎಣಿಸಬೇಕು ಅನ್ನೋದು ಇನ್ನೊಂದು. ಬಹಳ ಕಾಲ ಕರ್ನಲ್ ಎಣಿಸ್ತಿದ್ದ ರೀತಿ ನಮ್ಮ ಕ್ಲಾಸಿನ ಅಟೆಂಡೆನ್ಸ್ ಥರ. ಸೆಕೆಂಡಿಗೆ 100, 250 ಅಥವಾ 1000 ಸಲ ಟೈಮರ್ ಟಿಕ್ ಹೊಡೆಯುತ್ತೆ. ಆ ಕ್ಷಣದಲ್ಲಿ ಸಿಪಿಯು ಮೇಲೆ ಯಾರಿದ್ದಾರೋ ಇಡೀ ಟಿಕ್ ಅವರ ಖಾತೆಗೆ. ಯಾರೂ ಇಲ್ಲದಿದ್ರೆ ಐಡಲ್ ಖಾತೆಗೆ. ಅಟೆಂಡೆನ್ಸ್ ಕೂಗುವಾಗ ಮಾತ್ರ ಇದ್ದು ಹೋಗೋರನ್ನ ನಾವು ನೋಡಿದ್ದೀವಿ. ಇಲ್ಲಿ ಅದರ ಉಲ್ಟಾ. ಟಿಕ್ ಆದ ತಕ್ಷಣ ಎದ್ದು, ಮುಂದಿನ ಟಿಕ್‌ಗೆ ಸ್ವಲ್ಪ ಮೊದಲೇ ಮಲಗಿಬಿಡೋ ಪ್ರೋಗ್ರಾಮ್ ಬರೆದರೆ, ಹೆಚ್ಚೂಕಡಿಮೆ ಇಡೀ ಸಿಪಿಯು ಅದೇ ನುಂಗಿದ್ರೂ ಲೆಕ್ಕದಲ್ಲಿ ಸೊನ್ನೆ. ರೂಟ್ ಅನುಮತಿಯೂ ಬೇಡ. ಇದನ್ನ ಮೂವರು ಸಂಶೋಧಕರು 2007ರ ಯೂಸೆನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಮಾಡಿ ತೋರಿಸಿದರು.

ಅದಕ್ಕಿಂತ ಮಜಾ ಅಂದ್ರೆ, ಟಿಕ್ಕೇ ಐಡಲ್‌ನ ಶತ್ರು. ಸೆಕೆಂಡಿಗೆ 1000 ಸಲ 'ಐಡಲ್ ಇದೀಯಾ?' ಅಂತ ಎಬ್ಬಿಸಿದರೆ ಯಾವ ಚಿಪ್ ತಾನೇ ನಿದ್ದೆ ಮಾಡುತ್ತೆ? 2007ರಲ್ಲಿ ಲಿನಕ್ಸ್ 2.6.21ಕ್ಕೆ ಬಂದ ಟಿಕ್‌ಲೆಸ್ ವ್ಯವಸ್ಥೆ ಇದಕ್ಕೆ ಮದ್ದು. ಐಡಲ್ ಆದ ಕೋರಿನಲ್ಲಿ ಟಿಕ್ ನಿಲ್ಲಿಸಿ, ಮುಂದಿನ ನಿಜವಾದ ಟೈಮರ್ ಯಾವಾಗಿದೆಯೋ ಆಗ ಮಾತ್ರ ಏಳೋದು. ಅದೇ ವರ್ಷ ಇಂಟೆಲ್ 'ಪವರ್‌ಟಾಪ್' ಅನ್ನೋ ಟೂಲ್ ಬಿಟ್ಟಿತು, ಯಾವ ಪ್ರೋಗ್ರಾಮ್ ಸೆಕೆಂಡಿಗೆ ಎಷ್ಟು ಸಲ ಸಿಪಿಯುವನ್ನ ಎಬ್ಬಿಸ್ತಿದೆ ಅಂತ ಬಯಲು ಮಾಡೋಕೆ. ಸಿಪಿಯು ಶೇಕಡಾವಾರು ನೋಡಿದ್ರೆ ಅಮಾಯಕರ ಹಾಗೆ ಕಾಣೋ ಪ್ರೋಗ್ರಾಮ್‌ಗಳು ಇಲ್ಲಿ ಸಿಕ್ಕಿಬಿದ್ದವು. ಒಂದು ಸೆಕೆಂಡಿನಲ್ಲಿ ಒಟ್ಟು 1 ಶೇಕಡಾ ಕೆಲಸ ಮಾಡೋದು ಬೇರೆ, ಆ 1 ಶೇಕಡಾವನ್ನ ನೂರು ತುಂಡು ಮಾಡಿ ನೂರು ಸಲ ಎಬ್ಬಿಸೋದು ಬೇರೆ. ಶೇಕಡಾ ಒಂದೇ, ಬ್ಯಾಟರಿ ಒಂದೇ ಅಲ್ಲ.

ಯಾಕೆ ಒಂದೇ ಅಲ್ಲ? ಇಲ್ಲಿ ಐಡಲ್‌ನ ಮೂರನೇ ಪ್ರಶ್ನೆ ಬರುತ್ತೆ: 'ಐಡಲ್ ಇದೀಯಾ' ಅಲ್ಲ, 'ಇನ್ನೆಷ್ಟು ಹೊತ್ತು ಐಡಲ್ ಇರ್ತೀಯಾ?' ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿದಾಗ ಎಂಜಿನ್ ಆಫ್ ಮಾಡೋದಾ ಬೇಡ್ವಾ ಅಂತ ಯೋಚಿಸ್ತೀವಲ್ಲ, ಹಾಗೆ. ಎದುರಿಗೆ ಕೌಂಟ್‌ಡೌನ್ ಇದ್ರೆ ನಿರ್ಧಾರ ಸುಲಭ. ಇಲ್ಲದಿದ್ರೆ ಅಂದಾಜು. ಪ್ರೊಸೆಸರ್‌ಗಳಲ್ಲಿ ಸಿ-ಸ್ಟೇಟ್ ಅಂತ ನಿದ್ದೆಯ ಮಟ್ಟಗಳಿವೆ. ಸಿ1 ಅಂದ್ರೆ ತೂಕಡಿಕೆ, ತಟ್ಟಿದರೆ ಏಳುತ್ತೆ. ಸಿ6 ಅಂದ್ರೆ ಗಾಢ ನಿದ್ದೆ, ವಿದ್ಯುತ್ ಬಹಳ ಉಳಿಯುತ್ತೆ, ಆದ್ರೆ ಮಲಗೋಕೂ ಏಳೋಕೂ ಸಮಯ ಮತ್ತು ಶಕ್ತಿ ಎರಡೂ ಖರ್ಚು. ಪ್ರತಿ ಮಟ್ಟಕ್ಕೂ 'ಕನಿಷ್ಠ ಇಷ್ಟು ಮೈಕ್ರೋಸೆಕೆಂಡ್ ಇದ್ರೆ ಮಾತ್ರ ಲಾಭ' ಅಂತ ಒಂದು ಮಿತಿ. ಅದಕ್ಕಿಂತ ಮುಂಚೆ ಎದ್ದರೆ ನಷ್ಟ. ಈ ಅಂದಾಜು ಮಾಡೋಕೇ ಲಿನಕ್ಸ್‌ನಲ್ಲಿ 'ಸಿಪಿಯು ಐಡಲ್' ಅನ್ನೋ ವಿಭಾಗ, ಅದರೊಳಗೆ ಗವರ್ನರ್‌ಗಳು. 'ಮೆನು' ಅನ್ನೋ ಗವರ್ನರ್ ಮುಂದಿನ ಟೈಮರ್ ಯಾವಾಗ, ಹಿಂದಿನ ಕೆಲವು ಸಲ ಎಷ್ಟೆಷ್ಟು ಹೊತ್ತು ಮಲಗಿದ್ದೆ ಅಂತ ನೋಡಿ ಊಹೆ ಮಾಡುತ್ತೆ. 2019ರಲ್ಲಿ 'ಟಿಇಓ' ಅನ್ನೋ ಇನ್ನೊಂದು ಬಂತು. ಇದನ್ನ ಇವತ್ತಿಗೂ ತಿದ್ದಿ ತೀಡ್ತಾನೇ ಇದ್ದಾರೆ. ನಾವು ಖಾಲಿ ಡಬ್ಬ ಎಳೆದು ಬಿಡೋ ಜಾಗದಲ್ಲಿ ಭವಿಷ್ಯ ಊಹಿಸೋ ಅಲ್ಗಾರಿದಮ್ ಕೂತಿದೆ!

ನನಗೆ ಇದೆಲ್ಲದರಲ್ಲಿ ಅತಿ ಇಷ್ಟವಾದದ್ದು ಆರ್‌ಸಿಯು. ಪೂರ್ತಿ ಹೆಸರು ರೀಡ್-ಕಾಪಿ-ಅಪ್‌ಡೇಟ್. ಪಾಲ್ ಮೆಕೆನ್ನಿ ಇದರ ಹಿಂದಿನ ಮುಖ್ಯ ಹೆಸರು, ಲಿನಕ್ಸ್‌ಗೆ ಸೇರಿದ್ದು 2002ರಲ್ಲಿ. ನೋಟಿಸ್ ಬೋರ್ಡಿನ ಟೈಮ್ ಟೇಬಲ್ ಬದಲಾಗಿದೆ ಅಂದುಕೊಳ್ಳಿ. ಹೊಸದನ್ನ ಅಂಟಿಸಿದ್ದೀರಿ. ಹಳೆಯದನ್ನ ಕಿತ್ತು ಬಿಸಾಡಬೇಕು, ಆದ್ರೆ ಯಾರಾದ್ರೂ ಅದನ್ನ ಓದ್ತಾ ನಿಂತಿದ್ರೆ? ಎಲ್ಲರೂ ಒಮ್ಮೆ ಅಲ್ಲಿಂದ ಸರಿದ ಮೇಲೆ ಕೀಳಬೇಕು. ಆರ್‌ಸಿಯು ಮಾಡೋದು ಅದನ್ನೇ. ಓದೋರಿಗೆ ಲಾಕ್ ಇಲ್ಲ. ಬದಲಾಯಿಸೋರು ಪ್ರತಿ ಕೋರ್ ಒಮ್ಮೆಯಾದ್ರೂ 'ನಾನು ಓದ್ತಿಲ್ಲ' ಅನ್ನೋ ಸ್ಥಿತಿಗೆ ಬರೋವರೆಗೂ ಕಾಯಬೇಕು. ಐಡಲ್ ಕೋರ್ ಏನನ್ನೂ ಓದ್ತಿರೋದಿಲ್ಲ, ಹಾಗಾಗಿ ಅದರ ಒಪ್ಪಿಗೆ ಇದ್ದೇ ಇದೆ. ಆದ್ರೆ ಅದು ಐಡಲ್ ಅಂತ ಬೇರೆ ಕೋರಿಗೆ ಗೊತ್ತಾಗೋದು ಹೇಗೆ? ಕೇಳಬೇಕು ಅಂದ್ರೆ ಎಬ್ಬಿಸಬೇಕು. ಗಾಢ ನಿದ್ದೆಯಲ್ಲಿರೋನನ್ನ ಅಲ್ಲಾಡಿಸಿ 'ಲೇ, ನಿದ್ದೆ ಮಾಡ್ತಿದೀಯೇನೋ?' ಅಂತ ಕೇಳಿದ ಹಾಗೆ. ಉತ್ತರ ಬರೋ ಹೊತ್ತಿಗೆ ಉತ್ತರವೇ ಸುಳ್ಳಾಗಿರುತ್ತೆ.

ಅವರು ಕಂಡುಕೊಂಡ ದಾರಿ ಬಹಳ ಚಂದ. ಪ್ರತಿ ಕೋರ್‌ಗೂ ಒಂದು ಕೌಂಟರ್. ಐಡಲ್‌ಗೆ ಹೋಗುವಾಗ ಕೋರ್ ತಾನೇ ಅದನ್ನ ಒಂದು ಏರಿಸುತ್ತೆ, ಹೊರಗೆ ಬರುವಾಗ ಇನ್ನೊಂದು ಏರಿಸುತ್ತೆ. ಆರಂಭದ ವಿನ್ಯಾಸದಲ್ಲಿ ಸಮಸಂಖ್ಯೆ ಇದ್ರೆ ಐಡಲ್, ಬೆಸಸಂಖ್ಯೆ ಇದ್ರೆ ಎಚ್ಚರ. ಬೇರೆ ಕೋರ್ ಬಂದು ಆ ಸಂಖ್ಯೆ ಓದಿಕೊಂಡು ಹೋದ್ರೆ ಸಾಕು, ಎಬ್ಬಿಸೋದೇ ಬೇಡ. ಹಿಂದೆ ನೋಡಿದ್ದಕ್ಕಿಂತ ಸಂಖ್ಯೆ ಬದಲಾಗಿದ್ರೆ, ಈಗ ಎಚ್ಚರ ಇದ್ರೂ ನಡುವೆ ಒಮ್ಮೆ ಮಲಗಿ ಎದ್ದಿದೆ ಅಂತ ಖಾತ್ರಿ. ಅದೂ ಸಾಕು. ಬಾಗಿಲಿಗೆ 'ಮಲಗಿದ್ದೇನೆ' ಅಂತ ಚೀಟಿ ಅಂಟಿಸಿ ಮಲಗೋ ರೂಮ್‌ಮೇಟ್ ಥರ.

ಈ ಚೀಟಿಗೂ ಒಂದು ಷರತ್ತಿದೆ. ಅಂಟಿಸಿದ ಮೇಲೆ ನಿಜಕ್ಕೂ ಏನೂ ಓದಬಾರದು. ಐಡಲ್ ಲೂಪಿನ ಒಳಗೇ ಇದ್ದ ಟ್ರೇಸಿಂಗ್ ಕೋಡ್, ಅಂದ್ರೆ 'ಈಗ ಐಡಲ್‌ಗೆ ಹೋದೆ' ಅಂತ ದಾಖಲಿಸೋ ಕೋಡ್, ತಾನೇ ಆರ್‌ಸಿಯು ಬಳಸ್ತಿತ್ತು. ಐಡಲ್ ಅಂತ ಘೋಷಿಸಿಕೊಂಡ ಕೋರ್ ಕಳ್ಳತನದಲ್ಲಿ ಓದ್ತಾ ಇತ್ತು! ಅದನ್ನ ಹಿಡಿಯೋಕೇ ಕರ್ನಲ್‌ನಲ್ಲಿ ಎಚ್ಚರಿಕೆ ಸಂದೇಶ ಸೇರಿಸಿ, ಚೀಟಿಯನ್ನ ಎಲ್ಲಿ ಅಂಟಿಸಬೇಕು ಅನ್ನೋ ಗಡಿಯನ್ನ ಮತ್ತೆ ಮತ್ತೆ ಸರಿಸಬೇಕಾಯ್ತು. ಅಂದ್ರೆ ಕರ್ನಲ್‌ಗೇ ತಾನು ಯಾವ ಸಾಲಿನಿಂದ ಐಡಲ್ ಅನ್ನೋದು ಚರ್ಚೆಯ ವಿಷಯ.

ವರ್ಚುವಲ್ ಮೆಷಿನ್ ಸೇರಿಸಿದ್ರೆ ಕಥೆ ಇನ್ನೂ ಸೊಗಸು. ಒಳಗಿನ ಗೆಸ್ಟ್ ಕರ್ನಲ್ ಹಾಲ್ಟ್ ಅಂದಾಗ ನಿಯಂತ್ರಣ ಹೊರಗಿನ ಹೋಸ್ಟ್‌ಗೆ ಹೋಗುತ್ತೆ. ಈ ಹೋಗಿಬರೋ ಖರ್ಚು ಉಳಿಸೋಕೆ, ಗೆಸ್ಟ್ ಸ್ವಲ್ಪ ಹೊತ್ತು ಲೂಪಿನಲ್ಲೇ ಸುತ್ತಿ ನೋಡಿ ಆಮೇಲೆ ಹಾಲ್ಟ್ ಮಾಡೋ 'ಹಾಲ್ಟ್‌ಪೋಲ್' ಗವರ್ನರ್ ಇದೆ. ಆ ಹೊತ್ತಿನಲ್ಲಿ ಗೆಸ್ಟ್‌ನ ಟಾಪ್ 'ಐಡಲ್' ಅನ್ನುತ್ತೆ, ಹೋಸ್ಟ್‌ನ ಟಾಪ್ 'ಫುಲ್ ಬಿಸಿ' ಅನ್ನುತ್ತೆ. ಒಂದೇ ಚಿಪ್, ಒಂದೇ ಕ್ಷಣ, ಎರಡು ಕರ್ನಲ್, ಎರಡು ಉತ್ತರ. ಕ್ಲೌಡ್‌ನಲ್ಲಿ ಗಂಟೆಗಿಷ್ಟು ಅಂತ ದುಡ್ಡು ಕೊಡೋನಿಗೆ ಮೂರನೇ ಉತ್ತರ: ಒಳಗೆ ಐಡಲ್ ಇದ್ರೂ ಬಿಲ್ ಐಡಲ್ ಇರೋದಿಲ್ಲ.

ಈಗ ನಮ್ಮ ಲ್ಯಾಬ್ ಸ್ಕ್ರಿಪ್ಟ್‌ಗೆ ಬರೋಣ. ಒಬ್ಬ ಪಿಜಿ ವಿದ್ಯಾರ್ಥಿ ಶುಕ್ರವಾರ ಸಂಜೆ ಸಿಮ್ಯುಲೇಷನ್ ಹಾಕಿ ಹೋಗಿದ್ದಾರೆ ಅಂದುಕೊಳ್ಳಿ. ಎರಡು ದಿನ ಓಡಿ, ಮುಂದಿನ ಹಂತಕ್ಕೆ ಲೈಸೆನ್ಸ್ ಸರ್ವರ್ ಉತ್ತರಕ್ಕೆ ಕಾಯ್ತಾ ಕೂತಿದೆ. ಸಿಪಿಯು 1 ಶೇಕಡಾ. 15 ನಿಮಿಷ ಆಯ್ತು. ಶಟ್‌ಡೌನ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇನ್ನೊಂದು ಪಿಸಿಯಲ್ಲಿ ಯಾರೋ ಮುಚ್ಚದೆ ಬಿಟ್ಟು ಹೋದ ಬ್ರೌಸರ್ ಟ್ಯಾಬ್‌ನಲ್ಲಿ ಜಾಹೀರಾತು ಕುಣೀತಾ ಇದೆ, ಸಿಪಿಯು 12 ಶೇಕಡಾ. ಅದು ಸೋಮವಾರದವರೆಗೂ ಉರಿಯುತ್ತೆ. ಉಳಿಸಬೇಕಾದ್ದನ್ನ ಕೊಂದು, ಆರಿಸಬೇಕಾದ್ದನ್ನ ಉಳಿಸೋ ಸ್ಕ್ರಿಪ್ಟ್‌ಗೆ ಸ್ಮಾರ್ಟ್ ಅಂತ ಹೆಸರು.

ಹಾಗಾದ್ರೆ ಮಾಡೋದೇನು? ಕರ್ನಲ್‌ನಿಂದ ಎರಡು ಪಾಠ ತಗೋಬಹುದು.

ಮೊದಲನೇದು ಆರ್‌ಸಿಯು ಪಾಠ: ಹೊರಗಿನಿಂದ ಊಹಿಸೋ ಬದಲು, ಕೆಲಸ ಇರೋರೇ ಹೇಳೋ ಹಾಗೆ ಮಾಡಿ. ಸಿಸ್ಟಮ್‌ಡಿ ಇರೋ ಲಿನಕ್ಸ್‌ಗಳಲ್ಲಿ ಇದಕ್ಕೆ ವ್ಯವಸ್ಥೆ ಆಗಲೇ ಇದೆ. ಪ್ರತಿ ಲಾಗಿನ್ ಸೆಷನ್ ತಾನು ಐಡಲ್ ಅಂತ ಸೂಚನೆ ಕೊಡಬಹುದು. ದೀರ್ಘ ಕೆಲಸ ಹಾಕೋರು 'ಇನ್‌ಹಿಬಿಟ್' ಕಮಾಂಡ್ ಮೂಲಕ ಓಡಿಸಿದ್ರೆ, ಅದು ಮುಗಿಯೋವರೆಗೂ ಐಡಲ್ ಅನ್ನೋ ತೀರ್ಮಾನಕ್ಕೆ ತಡೆ ಬೀಳುತ್ತೆ. ಆಂಡ್ರಾಯ್ಡ್‌ನ ವೇಕ್‌ಲಾಕ್ ಇದೇ ತತ್ವ. ಲಿನಕ್ಸ್‌ನೊಳಗೆ ಅದನ್ನ ಸೇರಿಸಬೇಕಾ ಅಂತ 2009-10ರಲ್ಲಿ ಡೆವಲಪರ್‌ಗಳ ನಡುವೆ ದೊಡ್ಡ ಜಗಳವೇ ನಡೆದು, 2012ರಲ್ಲಿ 3.5 ಆವೃತ್ತಿಗೆ ಅದರ ಹತ್ತಿರದ ರೂಪವೊಂದು ಸೇರಿತು.

ಎರಡನೇದು ಸಿ-ಸ್ಟೇಟ್ ಪಾಠ: ಖಾತ್ರಿ ಇಲ್ಲದಾಗ ಹಗುರ ನಿದ್ದೆ ಆರಿಸಿ. ಮೊದಲು ಮಾನಿಟರ್ ಆಫ್, ಆಮೇಲೆ ಸಸ್ಪೆಂಡ್. ಸಸ್ಪೆಂಡ್ ಆದ ಪಿಸಿಯ ಮೆಮೊರಿ ಹಾಗೇ ಇರುತ್ತೆ. ಊಹೆ ತಪ್ಪಿದ್ರೂ ಹೆಚ್ಚಿನ ಕೆಲಸಗಳು ಬಿಟ್ಟ ಕಡೆಯಿಂದ ಮುಂದುವರಿಯುತ್ತವೆ. ನೆಟ್‌ವರ್ಕ್ ಸಂಪರ್ಕ ಕಡಿದು ಒಂದಷ್ಟು ತೊಂದರೆ ಆಗಬಹುದು, ನಿಜ. ಶಟ್‌ಡೌನ್‌ಗೆ ಹೋಲಿಸಿದ್ರೆ ಅದು ಏನೂ ಅಲ್ಲ. ತಪ್ಪಿನ ಬೆಲೆ ಎಷ್ಟು ಅನ್ನೋದು ಮೊದಲು, ಮಿತಿ ಎಷ್ಟು ಶೇಕಡಾ ಅನ್ನೋದು ಆಮೇಲೆ.

ಇದಕ್ಕೆ ಎದುರು ಮಾತು ಇಲ್ಲದೇ ಇಲ್ಲ. 'ಎಲ್ಲರೂ ತಾವೇ ಹೇಳಿಕೊಳ್ಳಲಿ ಅಂದ್ರೆ ಯಾರೂ ಹೇಳೋದಿಲ್ಲ, ಹೇಳಿದೋರು ವಾಪಸ್ ತಗೊಳ್ಳೋದಿಲ್ಲ' ಅಂತ ಒಬ್ಬ ಗೆಳೆಯ ವಾದ ಮಾಡಿದ. ಒಪ್ಪಬೇಕಾದ ಮಾತು. ವೇಕ್‌ಲಾಕ್ ಹಿಡಿದು ಬಿಡೋಕೆ ಮರೆತ ಆ್ಯಪ್‌ಗಳಿಂದ ಫೋನ್ ಬ್ಯಾಟರಿ ಖಾಲಿಯಾಗೋದು ಸಾಮಾನ್ಯ ಕಾಯಿಲೆ. ಕೊನೆಗೆ 2015ರಲ್ಲಿ ಆಂಡ್ರಾಯ್ಡ್ 6 'ಡೋಜ್' ತಂದು, ಚಾರ್ಜರ್ ಇಲ್ಲ, ಸ್ಕ್ರೀನ್ ಆಫ್, ಫೋನ್ ಅಲುಗಾಡಿಲ್ಲ, ಹೀಗೆ ಬಹಳ ಹೊತ್ತಾಗಿದೆ ಅಂದ್ರೆ ಆ್ಯಪ್‌ಗಳ ಮಾತನ್ನೂ ಮೀರಿ ಮಲಗಿಸೋಕೆ ಶುರು ಮಾಡಿತು. ಆದ್ರೆ ಗಮನಿಸಿ, ಡೋಜ್ ಕೂಡ ಸಿಪಿಯು ಶೇಕಡಾವಾರು ನೋಡಿ ತೀರ್ಮಾನ ಮಾಡಲಿಲ್ಲ. ಅದು ಕೇಳಿದ್ದು 'ಈ ಫೋನ್ ಯಾರಿಗಾದ್ರೂ ಈಗ ಬೇಕಾ?' ಅಂತ. ಮನುಷ್ಯನ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನ ಮನುಷ್ಯನ ಸುಳಿವುಗಳಿಂದಲೇ ಉತ್ತರಿಸಿತು. ಬರೀ ಬ್ರೌಸಿಂಗ್‌ಗೆ ಇರೋ ಲ್ಯಾಬಿನಲ್ಲಿ ಹಾಗೇ ಮಾಡಿ, ಕೀಬೋರ್ಡ್ ಮುಟ್ಟಿ ಎಷ್ಟು ಹೊತ್ತಾಯ್ತು ಅಂತ ನೋಡಿ, ಸಾಕು. ಸಿಮ್ಯುಲೇಷನ್ ಲ್ಯಾಬಿಗೆ ಅದು ಸಾಲದು. ಎರಡೂ ಕಡೆ ಒಂದೇ ಸ್ಕ್ರಿಪ್ಟ್ ಅನ್ನೋದಷ್ಟೇ ಬೇಡ.

ಪಾಠ ಮಾಡೋರಿಗೂ ಒಂದು ಕೋರಿಕೆ. ಆಪರೇಟಿಂಗ್ ಸಿಸ್ಟಮ್ ಲ್ಯಾಬಿನಲ್ಲಿ ಎಫ್‌ಸಿಎಫ್‌ಎಸ್, ರೌಂಡ್ ರಾಬಿನ್ ಅಂತ ಸಿ ಪ್ರೋಗ್ರಾಮ್ ಬರೆಸ್ತೀರಿ, ಬರೆಸಿ. ಅದರ ಜೊತೆ ಒಂದೇ ಒಂದು ವಾರ ಆ ಖಾಲಿ ಡಬ್ಬಕ್ಕೆ ಕೊಡಿ. ಹೊಸ ಉಪಕರಣ ಬೇಡ, ಲ್ಯಾಬಿನ ಉಬುಂಟು ಪಿಸಿಯೇ ಸಾಕು. ಮೂರು ಪ್ರಯೋಗ ಹೇಳ್ತೀನಿ, ಯಾರೂ ಮಾಡಿಸದಿದ್ರೆ ನೀವೇ ಮಾಡಿಕೊಳ್ಳಿ.

ಒಂದು, ಪ್ರೊಕ್ ಫೋಲ್ಡರಿನ ಅಪ್‌ಟೈಮ್ ಫೈಲ್ ತೆರೆಯಿರಿ. ಎರಡು ಸಂಖ್ಯೆ ಇರುತ್ತೆ. ಮೊದಲನೇದು ಮೆಷಿನ್ ಆನ್ ಆಗಿ ಎಷ್ಟು ಸೆಕೆಂಡ್ ಆಯ್ತು ಅಂತ. ಎರಡನೇದು ಐಡಲ್ ಇದ್ದ ಸೆಕೆಂಡ್. ಹೆಚ್ಚಿನ ಸಲ ಎರಡನೇದೇ ದೊಡ್ಡದು. ಬದುಕಿದ್ದಕ್ಕಿಂತ ಹೆಚ್ಚು ಹೊತ್ತು ಮಲಗಿದ್ದು ಹೇಗೆ? ಕೋರ್‌ಗಳ ಸಂಖ್ಯೆ ನೆನಪಿಸಿಕೊಂಡರೆ ಉತ್ತರ ಸಿಗುತ್ತೆ.

ಎರಡು, ಸಿಸ್ ಫೋಲ್ಡರಿನಲ್ಲಿ ಪ್ರತಿ ಸಿಪಿಯು ಕೆಳಗೂ ಸಿಪಿಯು ಐಡಲ್ ಅಂತ ಒಂದು ಡೈರೆಕ್ಟರಿ ಇದೆ. ಪ್ರತಿ ನಿದ್ದೆಯ ಮಟ್ಟಕ್ಕೂ ಅದರ ಹೆಸರು, ಏಳೋಕೆ ಬೇಕಾದ ಸಮಯ, ಎಷ್ಟು ಸಲ ಬಳಕೆಯಾಯ್ತು ಅನ್ನೋದೆಲ್ಲ ಅಲ್ಲಿ ಸಾದಾ ಫೈಲ್‌ಗಳಲ್ಲಿ ಸಿಗುತ್ತೆ. ಒಂದು ನಿಮಿಷ ಏನನ್ನೂ ಮುಟ್ಟದೆ ಬಿಟ್ಟು ಲೆಕ್ಕ ತಗೊಳ್ಳಿ. ಆಮೇಲೆ ಇಪ್ಪತ್ತು ಟ್ಯಾಬ್ ತೆರೆದಿಟ್ಟು, ಮತ್ತೆ ಏನನ್ನೂ ಮುಟ್ಟದೆ, ಇನ್ನೊಂದು ನಿಮಿಷದ ಲೆಕ್ಕ ತಗೊಳ್ಳಿ. ನೀವು ಎರಡೂ ಸಲ ಸುಮ್ಮನೆ ಕೂತಿದ್ರಿ. ಮೆಷಿನ್ ಕೂತಿತ್ತಾ ನೋಡಿ.

ಮೂರು, ಒಂದು ವರ್ಚುವಲ್ ಮೆಷಿನ್‌ನಲ್ಲಿ ಲಿನಕ್ಸ್ ಹಾಕಿ, ಬೂಟ್ ಸಾಲಿನಲ್ಲಿ ಐಡಲ್ ಅನ್ನೋದಕ್ಕೆ ಪೋಲ್ ಅನ್ನೋ ಬೆಲೆ ಕೊಡಿ. ಹಾಲ್ಟ್ ಮಾಡಬೇಡ, ಸುತ್ತುತ್ತಾ ಇರು ಅಂತ ಅದರ ಅರ್ಥ. ಒಳಗಿನ ಟಾಪ್ ಮತ್ತು ಹೊರಗಿನ ಟಾಪ್ ಎರಡನ್ನೂ ಪಕ್ಕಪಕ್ಕ ಇಡಿ. ಒಳಗೆ 99 ಶೇಕಡಾ ಐಡಲ್, ಹೊರಗೆ ಒಂದು ಕೋರ್ ಪೂರ್ತಿ ಬಿಸಿ. ಲ್ಯಾಪ್‌ಟಾಪಿನ ಫ್ಯಾನ್ ಯಾರ ಮಾತು ಕೇಳುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಇಷ್ಟು ಮಾಡಿದವರು ಸಿನಾಪ್ಸಿಸ್‌ನಲ್ಲಿ 'ಸಿಸ್ಟಮ್ ಐಡಲ್ ಇದ್ದಾಗ' ಅಂತ ಬರೆಯೋ ಮುಂಚೆ ಪೆನ್ ನಿಲ್ಲಿಸ್ತಾರೆ ಅನ್ನೋದು ನನ್ನ ನಂಬಿಕೆ. ಆ ಮೂರು ಪದದ ಮುಂದೆ 'ಯಾರ ದೃಷ್ಟಿಯಲ್ಲಿ, ಯಾವ ಕೆಲಸಕ್ಕೆ' ಅಂತ ಒಂದು ಸಾಲು ಸೇರಿಸಿ. ಗೈಡ್ ಕೇಳದಿದ್ರೂ ಸೇರಿಸಿ. ಶುಕ್ರವಾರ ಸಂಜೆ ಸಿಮ್ಯುಲೇಷನ್ ಹಾಕಿ ಮನೆಗೆ ಹೋದ ಆ ಪಿಜಿ ವಿದ್ಯಾರ್ಥಿಗೆ ನಿಮ್ಮ ಪರಿಚಯ ಇರೋದಿಲ್ಲ. ಅವರ ಎರಡು ದಿನದ ಕೆಲಸ ಉಳಿಯೋದು ಬಿಡೋದು ಮಾತ್ರ ಆ ಒಂದು ಸಾಲಿನ ಮೇಲೇ ನಿಂತಿರುತ್ತೆ.